ಫೋಟೋ ತೆಗೆಯಿರಿ ಎಂದರೆ

ಗಿರಿಜಾಬಾಯಿಗೆ ‘ಇದು ನಿಮ್ಮ ಕೈಲಿ ಆಗಲ್ಲ’ ಎಂದು ಮಾತ್ರ ಹೇಳಬಾರದು. ಹೇಳಿದವರ ಗತಿ ಏನಾಯಿತೆಂದು ಸನತ್‌ನಗರದಲ್ಲಿ ಅವರ ಪಕ್ಕದ ಮನೆಯಲ್ಲೇ ಇರುವ ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಗ್ಯಾಸ್ ಸಿಲಿಂಡರ್ ತರುವವನು ಹೇಳಿ ನೋಡಿದ್ದಾನೆ, ಸ್ವಂತ ಅಳಿಯ ಹೇಳಿ ನೋಡಿದ್ದಾನೆ. ಕಳೆದ ವರ್ಷ ಹೇಳಿದ್ದು ನಮ್ಮ ‘ಮೂಸಿ ಕಟ್ಟೆ’.

ಇದು ಕಲ್ಲಿನ ಕಟ್ಟೆಯಲ್ಲ. ಹೈದರಾಬಾದಿನ ಕನ್ನಡದವರು ಸೇರಿ, ಊರಿನ ಮೂಸಿ ನದಿಯ ಹೆಸರಿಟ್ಟು, ಅಂತರ್ಜಾಲದಲ್ಲಿ ಕಟ್ಟಿಕೊಂಡ ಹರಟೆಯ ಜಾಗ. ಬಾಡಿಗೆ ಮನೆ, ವರ ಕನ್ಯೆ, ಒಳ್ಳೆಯ ಬಿಳಿಜೋಳ ಯಾವ ಅಂಗಡಿಯಲ್ಲಿ ಸಿಗುತ್ತದೆ, ಎಲ್ಲ ಅಲ್ಲಿಯೇ ಚರ್ಚೆ. ಸದಸ್ಯರಿಗೆ ತೊಂದರೆಯಾದರೆ ಉತ್ತರಿಸುವ ಕೆಲಸ ನನ್ನದು. ಮಾದಾಪುರದ ಕಚೇರಿಯಲ್ಲಿ ಹಗಲೆಲ್ಲ ಗಿರಾಕಿಗಳ ಬೈಗುಳ ತಿನ್ನುವುದು ಸಾಲದೆಂದು ಈ ಶುಭಾ ಇದನ್ನೂ ಮೈಮೇಲೆ ಎಳೆದುಕೊಂಡಿದ್ದಳು.

ರಾಜ್ಯೋತ್ಸವಕ್ಕೆ ಒಂದು ಪ್ರದರ್ಶನ ಮಾಡುವುದೆಂದು ಸಮಿತಿ ತೀರ್ಮಾನಿಸಿತು. ‘ಈ ಊರು ಕಟ್ಟಿದ ಕನ್ನಡಿಗರು’ ಎಂದು ಕಟ್ಟೆಯಲ್ಲಿ ಒಂದು ಪುಟ. ಸದಸ್ಯರು ಅಲ್ಲಿ ಹಳೆಯ ಫೋಟೋ ಹಾಕಿ ಕೆಳಗೆ ನಾಲ್ಕು ಮಾತು ಬರೆಯಬೇಕು. ಅದನ್ನೇ ದೊಡ್ಡದಾಗಿ ಅಚ್ಚು ಹಾಕಿಸಿ ಸಭಾಂಗಣದಲ್ಲಿ ತೂಗುಹಾಕುತ್ತಾರೆ. ಬಂದ ಫೋಟೋಗಳನ್ನು ನೋಡಿದರೆ ಹೈದರಾಬಾದನ್ನು ಕುರ್ಚಿಗಳೇ ಕಟ್ಟಿದ ಹಾಗಿತ್ತು. ಎಲ್ಲದರಲ್ಲೂ ಕೋಟು ತೊಟ್ಟು ಸಾಲಾಗಿ ಕುಳಿತ ಸಾಹೇಬರು.

“ಅಲ್ಲ ಶುಭಾ, ಇದರಾಗ ಹೆಣ್ಣಮಕ್ಕಳು ಎಲ್ಲಿ ಅದಾರ?” ಗಿರಿಜಾಬಾಯಿ ಫೋನನ್ನು ನನ್ನ ಮೂಗಿಗೆ ಹಿಡಿದರು. “ಇಲ್ಲಿ ಒಬ್ಬಾಕಿ ಚಾ ಹಿಡಕೊಂಡು ನಿಂತಾಳ. ಆಕಿ ಹೆಸರೂ ಬರದಿಲ್ಲ.”

ಗಿರಿಜಾಬಾಯಿಯ ಬಳಿಯೂ ಒಂದು ಫೋಟೋ ಇತ್ತು. ಹುಮನಾಬಾದಿನಿಂದ ಮದುವೆಯಾಗಿ ಬಂದವರು ಇಲ್ಲಿಯ ಒಂದು ಫ್ಯಾನ್ ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ಆ ವಿಭಾಗದಲ್ಲಿ ಹೆಂಗಸರೇ ಜಾಸ್ತಿ, ಆದರೆ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಇರಬೇಕು. ಒಂದು ದಿನ ಎಲ್ಲರೂ ಗೇಟಿನ ಹೊರಗೆ ಬಿಸಿಲಲ್ಲಿ ಕೂತುಬಿಟ್ಟರು, ಕಟ್ಟಿಸುವವರೆಗೂ ಒಳಗೆ ಕಾಲಿಡುವುದಿಲ್ಲವೆಂದು. ಕಟ್ಟಿಸಿದ ಮೇಲೆಯೇ ಎದ್ದರು. ಹಾಗೆ ಕೂತಿದ್ದಾಗ ಪಕ್ಕದ ಸ್ಟುಡಿಯೋದವನು ತೆಗೆದ ಫೋಟೋ ಅದು. ಅದರಲ್ಲಿರುವ ಎಷ್ಟೋ ಮಂದಿ ಈಗಿಲ್ಲ. ಅವರೆಲ್ಲ ತಮ್ಮ ತಮ್ಮ ಹೆಸರಿನ ಸಮೇತ ಆ ಗೋಡೆಯ ಮೇಲೆ ಇರಬೇಕು ಎನ್ನುವುದು ಗಿರಿಜಾಬಾಯಿಯ ಹಟ.

ಫೋಟೋ ಹಾಕಿದರು. ಬರಲಿಲ್ಲ. ಮತ್ತೆ ಹಾಕಿದರು. ಮತ್ತೆ ಬರಲಿಲ್ಲ. “ಕಾಣತೈತಿ, ಒತ್ತತೀನಿ, ಗಾಯಬ್!” ಎಂದು ಬಾಗಿಲಲ್ಲಿ ನಿಂತು ಗುಡುಗಿದರು. ನನ್ನ ಫೋನಿನಲ್ಲಿ ಬೇರೊಂದು ಫೋಟೋ ಹಾಕಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಬೇರೆ ಹಿರಿಯರಿಂದಲೂ ಇದೇ ದೂರು ಬರುತ್ತಿತ್ತು. ಗಿರಿಜಾಬಾಯಿಯ ಫೋಟೋದ ಕತೆಯನ್ನೂ ಸೇರಿಸಿ ನಾನು ಸಮಿತಿಗೆ ಬರೆದೆ.

ಸಮಿತಿ ಎಂದರೆ ಮುಖ್ಯವಾಗಿ ಪ್ರಾಣೇಶರಾಯರು. ಬ್ಯಾಂಕಿನಿಂದ ನಿವೃತ್ತರಾದ ದೊಡ್ಡ ಅಧಿಕಾರಿ, ಕೊಂಡಾಪುರದ ಅಪಾರ್ಟ್‌ಮೆಂಟಿನಲ್ಲಿ ವಾಸ. ಅವರು ಒಂದು ನಿಯಮ ಹೊರಡಿಸಿದರು: ಅರವತ್ತು ದಾಟಿದ ಸದಸ್ಯರು ಫೋಟೋ, ಕಡತ ಏನಿದ್ದರೂ ಸಮಿತಿಗೆ ವಾಟ್ಸಾಪ್ ಮಾಡತಕ್ಕದ್ದು, ಸಮಿತಿಯೇ ಅವನ್ನು ಕಟ್ಟೆಯಲ್ಲಿ ಹಾಕುತ್ತದೆ. ಗಿರಿಜಾಬಾಯಿಯ ಫೋಟೋಕ್ಕೆ ಬರಹವನ್ನೂ ತಾವೇ ಸಿದ್ಧಮಾಡಿ ಕಳಿಸಿದ್ದರು: ‘ಸನತ್‌ನಗರದ ಶ್ರಮಜೀವಿ ಮಹಿಳೆಯರು. ಕೃಪೆ: ಸಮಿತಿ.’

ಓದಿದ ಗಿರಿಜಾಬಾಯಿಯ ಮುಖ ಕೆಂಪಾಯಿತು. “ಕೃಪೆ? ನಮ್ಮ ಮ್ಯಾಲೆ ಕೃಪಾ ಮಾಡಾಕ ಇವರ‍್ಯಾರು? ಬಿಸಲಾಗ ಕುಂತಾವ್ರು ನಾವು! ಹೆಸರು ಎಲ್ಲಿ ಹೋದವು? ನಡಿ, ಅವರ ಮನೀಗೇ ಹೋಗೂಣು.”

ನನಗೂ ಮೈ ಉರಿಯುತ್ತಿತ್ತು. ಅರವತ್ತು ದಾಟಿದವರಿಗೆ ಬೆರಳಿಲ್ಲವೇ? ಭಾನುವಾರ ಸಮಿತಿಯ ಸಭೆ ರಾಯರ ಮನೆಯಲ್ಲೇ ಇತ್ತು. ಇಬ್ಬರೂ ಆಟೋ ಹಿಡಿದು ಹೋದೆವು.

“ಬರ್ರಿ ಬಾಯಾರ, ಕೂಡ್ರಿ,” ಎಂದರು ರಾಯರು. “ಸಿಟ್ಟಾಗಬ್ಯಾಡ್ರಿ. ವಯಸ್ಸಾದವರಿಗೆ ಇದೆಲ್ಲಾ ತ್ರಾಸ ಆಗ್ತದ. ನಿಮ್ಮ ಅನುಕೂಲಕ್ಕೇ ಮಾಡೇವಿ.”

“ತ್ರಾಸ ಯಾರಿಂದ ಆಗಾಕತ್ತೈತಿ ಅಂತ ಇಲ್ಲೇ ನೋಡೂಣು,” ಎಂದು ಗಿರಿಜಾಬಾಯಿ ಚೀಲದಿಂದ ಫೋಟೋ ತೆಗೆದು ಟೀಪಾಯಿಯ ಮೇಲಿಟ್ಟರು. ಕಟ್ಟೆ ತೆರೆದು ಕ್ಯಾಮೆರಾ ಒತ್ತಿ ಫೋನನ್ನು ನೇರವಾಗಿ ಹಿಡಿದರು. ಅಲುಗಾಡದೆ ಹಿಡಿದರೆ ಕಟ್ಟೆ ತಾನೇ ಚಿತ್ರ ಸೆರೆಹಿಡಿಯುತ್ತದೆ; ಹೆಂಗಸರೆಲ್ಲ ಪರದೆಯ ಮೇಲೆ ಚೆನ್ನಾಗಿ ಮೂಡಿದರು. ಕೆಳಗೆ ದೊಡ್ಡದೊಂದು ಬಟನ್ ಬಂತು. ಅದನ್ನು ಒತ್ತಿದರು. ಎಲ್ಲರೂ ಮಾಯ.

ಕಟ್ಟೆಯ ತಂತ್ರಾಂಶ ಬರೆದ ಹುಡುಗ ನಚಿಕೇತ ಬಗ್ಗಿ ನೋಡುತ್ತಿದ್ದ. ನಕ್ಕುಬಿಟ್ಟ. “ಅಯ್ಯ ಮೌಶಿ, ಅದು ಅಳಿಸೋ ಬಟನ್ನು!”

ನಾನು ಫೋನು ಕಿತ್ತುಕೊಂಡು ಮತ್ತೊಮ್ಮೆ ಫೋಟೋದ ಮೇಲೆ ಹಿಡಿದು ನೋಡಿದೆ. ಬಟನ್ ಮೇಲೆ ‘ಫೋಟೋ ತೆಗೆಯಿರಿ’ ಎಂದಿತ್ತು. ಕಟ್ಟೆಗೆ ಕಳಿಸುವ ಬಟನ್ ಅದರ ಕೆಳಗೆ ಸಣ್ಣದಾಗಿ, ಬೂದು ಬಣ್ಣದಲ್ಲಿ, ‘ಏರಿಸಿ’ ಎಂದು ಕೂತಿತ್ತು. ನಾನಾಗಲಿ ಸಮಿತಿಯವರಾಗಲಿ ಇದನ್ನು ಕಂಡೇ ಇರಲಿಲ್ಲ, ಏಕೆಂದರೆ ನಮ್ಮೆಲ್ಲರ ಫೋನಿನಲ್ಲಿ ಕನ್ನಡ ಕಟ್ಟೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಇಟ್ಟುಕೊಂಡವರು ಈ ಹಿರಿಯರು ಮಾತ್ರ. ನಾಚಿಕೆಗೇಡು ಎಂದರೆ ಇದೇ.

“ತೆಗೆಯಿರಿ ಅಂದ್ರ ಅಳಸ್ರಿ ಅಂತ ಅರ್ಥ, ಬಾಯಾರ,” ರಾಯರು ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. “ಶುದ್ಧ ಕನ್ನಡ ಅದು. ಓದಿ ಒತ್ತಬೇಕು.”

ಈಗ ಜಗಳ ಹತ್ತಿತು ಎಂದು ನಾನು ಸೆರಗು ಬಿಗಿದೆ. ಗಿರಿಜಾಬಾಯಿ ಮಾತ್ರ ತಣ್ಣಗಿದ್ದರು.

“ಹೌದೇನ್ರಿ? ಆತು ಬಿಡ್ರಿ,” ಎಂದರು. “ಇಷ್ಟು ದೂರ ಬಂದೀವಿ. ರಾಯರ, ನಮ್ಮೆಲ್ಲಾರದೂ ಒಂದು ಫೋಟೋ ತಗೀರಿ.”

ಗಂಡಾಂತರ ಕಳೆಯಿತೆಂದು ರಾಯರ ಮುಖ ಅರಳಿತು. ಜೇಬಿನಿಂದ ಫೋನು ತೆಗೆದು, “ಹತ್ತಿರ ಬರ್ರಿ, ನಚಿಕೇತ ಈ ಕಡೆ ನಿಲ್ಲು, ಹಾಂ, ನಗ್ರಿ,” ಎಂದು ಕ್ಲಿಕ್ಕಿಸಿದರು.

“ಈಗ ಏನ್ ಮಾಡಿದ್ರಿ?” ಗಿರಿಜಾಬಾಯಿ ಕೇಳಿದರು.

“ಫೋಟೋ ತಗದೆ.”

“ಅಳಿಸಿದ್ರೇನು?”

ರಾಯರು ಫೋನನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ನಚಿಕೇತ ಹಣೆ ಚಚ್ಚಿಕೊಂಡ. ನಾನು ಮಾತ್ರ, ಸುಳ್ಳೇಕೆ ಹೇಳಲಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

ಅಡುಗೆಮನೆಯ ಬಾಗಿಲಲ್ಲಿ ರಾಯರ ತಾಯಿ ತುಳಸಾಬಾಯಿ ಯಾವಾಗಲೋ ಬಂದು ನಿಂತಿದ್ದರು. “ಪ್ರಾಣ್ಯಾ, ನಾನೂ ಅದನ್ನೇ ಒತ್ತಿದ್ದೆನೋ,” ಎಂದರು. “ನಿಮ್ಮಪ್ಪನ ಫೋಟೋ ಹಾಕಲಿಕ್ಕೆ ಹೋಗಿದ್ದೆ. ನಿನ್ನ ಕೇಳಿದ್ರ ನಗ್ತಿ ಅಂತ ಸುಮ್ಮನಾದೆ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ರಾಯರು, ಬಟನ್ ಬದಲಿಸೋಣ, ಆದರೆ ಹೊರಡಿಸಿದ ನಿಯಮ ಸದ್ಯಕ್ಕೆ ಇರಲಿ, ಮುಂದಿನ ಸಭೆಯಲ್ಲಿ ನೋಡಿದರಾಯಿತು ಎಂದು ರಾಗ ಎಳೆದರು.

“ನಿಯಮ ಹೋಗೂತನಾ ನಾ ಏಳಂಗಿಲ್ಲ,” ಎಂದು ಗಿರಿಜಾಬಾಯಿ ಕಾಲು ಮಡಚಿ ಸೋಫಾದ ಮೇಲೆ ಭದ್ರವಾಗಿ ಕೂತರು. “ಡಾಂಬರ ಮ್ಯಾಲೆ ಕುಂತಾಕಿ ನಾನು, ರಾಯರ. ನಿಮ್ಮ ಸೋಫಾ ಭಾಳ ಮೆತ್ತಗೈತಿ. ನನಗೇನೂ ಅವಸರಿಲ್ಲ.”

ತುಳಸಾಬಾಯಿ ಒಳಗೆ ಹೋಗಿ ಒಂದು ತಾಟಿನಲ್ಲಿ ಅವಲಕ್ಕಿ ತಂದು ಗಿರಿಜಾಬಾಯಿಯ ಮುಂದಿಟ್ಟರು, ತಾವೂ ಪಕ್ಕದಲ್ಲೇ ಕೂತರು. ತಾಯಿಯನ್ನು ಎಬ್ಬಿಸುವ ಧೈರ್ಯ ಯಾವ ಬ್ಯಾಂಕ್ ಅಧಿಕಾರಿಗಿದೆ? ಅವಲಕ್ಕಿ ಮುಗಿಯುವ ಹೊತ್ತಿಗೆ ನಿಯಮ ಹೋಗಿತ್ತು.

ನಚಿಕೇತ ಒಳ್ಳೆಯ ಹುಡುಗ, ಕೆಲಸ ತಡಮಾಡಲಿಲ್ಲ. ‘ಏರಿಸಿ’ ಹೋಗಿ ಹಸಿರು ಬಣ್ಣದಲ್ಲಿ ‘ಹಾಕಿ’ ಬಂತು. ‘ತೆಗೆಯಿರಿ’ ಇದ್ದಲ್ಲಿ ‘ಬೇಡ’ ಎಂದಾಯಿತು, ಒತ್ತಿದರೆ ‘ನಿಜವಾಗಿಯೂ ಬೇಡವೇ?’ ಎಂದು ಕೇಳುವಂತಾಯಿತು. ಫೋಟೋದ ಕಡತ ಭಾರವಾಗಿದ್ದರೆ ಬೈದು ವಾಪಸು ಕಳಿಸುವ ಬದಲು ಕಟ್ಟೆಯೇ ಅದನ್ನು ಹಗುರ ಮಾಡಿಕೊಳ್ಳತೊಡಗಿತು. ಪ್ರತಿಯೊಂದನ್ನೂ ಅವನು ಮೊದಲು ಗಿರಿಜಾಬಾಯಿಗೆ, ತುಳಸಾಬಾಯಿಗೆ ತೋರಿಸಿ, ಅವರು ಹೂಂ ಎಂದ ಮೇಲೆಯೇ ಕಟ್ಟೆಗೆ ತಂದ.

ಗಿರಿಜಾಬಾಯಿ ತಮ್ಮ ಮನೆಯ ಹೊಸ್ತಿಲ ಮೇಲೆ ಕೂತು, ನಾನು ನೆರವಿಗೆ ಕೈ ಚಾಚಿದರೆ ಚಟ್ಟೆಂದು ಹೊಡೆದು, ಫೋಟೋ ತಾವೇ ಹಾಕಿದರು. ಬಂತು. ಕೆಳಗೆ ಒಂದೊಂದೇ ಅಕ್ಷರ ಹುಡುಕಿ ಬರೆದರು: ‘ಇಲ್ಲಿ ಹೆಂಗಸರಿಗೆ ಸಂಡಾಸ ಇರಲಿಲ್ಲ. ಕಟ್ಟಿಸೂತನಾ ನಾವು ಒಳಗ ಹೋಗಲಿಲ್ಲ.’ ಆಮೇಲೆ ಎಡದಿಂದ ಬಲಕ್ಕೆ ಎಲ್ಲರ ಹೆಸರು, ಒಂದೂ ಬಿಡದಂತೆ.

ರಾಯರು ನನಗೆ ಫೋನ್ ಮಾಡಿ, ಅತಿಥಿಗಳು ಬರುವ ಜಾಗ, ಸಂಡಾಸ ಅನ್ನುವ ಮಾತು ಚೆನ್ನಾಗಿ ಕಾಣುವುದಿಲ್ಲ, ಬದಲಿಸಲು ಬಾಯಾರಿಗೆ ಹೇಳು ಎಂದರು. ನೀವೇ ಹೇಳ್ರಿ ಎಂದೆ. ಅವರು ಹೇಳಲಿಲ್ಲ.

ಪ್ರದರ್ಶನದ ದಿನ ಗಿರಿಜಾಬಾಯಿ ತಮ್ಮ ಜೊತೆ ತಂತಿ ಸುತ್ತುತ್ತಿದ್ದ ಸಾಬಮ್ಮನನ್ನು ಕರೆತಂದರು. ಸಾಬಮ್ಮನಿಗೆ ಓದಲು ಬರುವುದಿಲ್ಲ, ಮಂಡಿನೋವು ಬೇರೆ. ಫೋಟೋದ ಮುಂದೆ ಗೋಡೆ ಹಿಡಿದು ನಿಂತು ತಮ್ಮನ್ನು ತಾವು ಹುಡುಕಿಕೊಂಡರು. ಹಿಂದೆ ರಾಯರು ಅತಿಥಿಗಳನ್ನು ಕರೆದುಕೊಂಡು ಬರುತ್ತಿದ್ದರು. ನಾನು ದನಿ ತಗ್ಗಿಸಿ ಬರಹವನ್ನು ಸಾಬಮ್ಮನಿಗೆ ಓದಿ ಹೇಳತೊಡಗಿದೆ. ತಮ್ಮ ಹೆಸರು ಬಂದಾಗ ಆಕೆ ನನ್ನ ಮುಂಗೈ ಹಿಡಿದು ನಿಲ್ಲಿಸಿದರು.

“ಸಣ್ಣಗ ಯಾಕ ಓದತಿ? ಮೊದಲಿಂದ ಓದು,” ಎಂದರು. “ಹಿಂದ ನಿಂತಾವ್ರಿಗೂ ಕೇಳಲಿ.”