ರಾಮಧನಿಯ ಸೊಟ್ಟ ಸಾಣೆಕಲ್ಲು

ಹೋದ ವಾರ ನಾನೊಂದು ಕಲ್ಲು ಆರಿಸಿದೆ. ಅದರಿಂದ ಯಾತ್ರಿಕರೊಬ್ಬರ ತಲೆಯಲ್ಲಿ ಮೂರು ಕಡೆ ರಕ್ತ ಬಂತು. ಕಲ್ಲು ಬೀಸಿದೆನೆಂದು ತಿಳಿಯಬೇಡಿ. ಪ್ರೀತಿಯಿಂದ ಉಡುಗೊರೆ ಕೊಟ್ಟಿದ್ದೆ.

ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂರುವ ಕ್ಷೌರಿಕ ರಾಮಧನಿಯ ಸಮಾಚಾರ ಇದು. ಕಾಶಿಗೆ ಬರುವ ನಮ್ಮ ಕನ್ನಡದ ಕಡೆಯವರ ತಲೆ ಬೋಳಿಸುವುದು ಅವನ ಕೆಲಸ. ಅವನಿಗೆ ಬರುವ ಕನ್ನಡ ಎರಡೇ ವಾಕ್ಯ: 'ತಲಿ ಬಗ್ಗಸ್ರಿ', 'ಅಲುಗಾಡಬ್ಯಾಡ್ರಿ'. (ಇವೆರಡರಲ್ಲೇ ಮೂವತ್ತು ವರ್ಷ ಸಂಸಾರ ತೂಗಿಸಿದ್ದಾನೆ. ನಾನು ಇಷ್ಟೆಲ್ಲ ಮಾತಾಡಿ ಏನು ಕಡಿದು ಗುಡ್ಡೆ ಹಾಕಿದ್ದೇನೆ?)

ಕಳೆದ ಚಳಿಗಾಲದಲ್ಲಿ ಅವನ ಎಡಗೈಗೆ ಲಕ್ವ ಹೊಡೆಯಿತು. ಬೆರಳುಗಳು ಅರ್ಧ ಮಡಚಿಕೊಂಡೇ ಉಳಿದವು. ಕತ್ತಿ ಹಿಡಿಯುವ ಬಲಗೈಗೆ ಏನೂ ಆಗಿರಲಿಲ್ಲ. ಆದರೆ ಕತ್ತಿ ಮಸೆಯುವಾಗ ಸಾಣೆಕಲ್ಲನ್ನು ಹಿಡಿಯುವುದು ಎಡಗೈ. ಒಂದು ದಿನ ಹಳೆಯ ಕಲ್ಲು ಜಾರಿ ಮೆಟ್ಟಿಲಿಗೆ ಬಿದ್ದು ಚೂರಾಯಿತು.

ಹೊಸ ಕಲ್ಲು ತಂದು ನೆಲದ ಮೇಲಿಟ್ಟು ಮಸೆಯಬಾರದೇ ಎಂದು ಕೇಳಿದೆ. ಹಾಗೆ ಮಾಡಿದರೆ ಕತ್ತಿ ಎಷ್ಟು ಒತ್ತುತ್ತಿದೆ ಎಂಬುದು ಅಂಗೈಗೆ ತಿಳಿಯುವುದಿಲ್ಲವಂತೆ. ಅಷ್ಟರಲ್ಲಿ ಕತ್ತಿ ಮೊಂಡಾಗಿತ್ತು. ಮೊಂಡು ಕತ್ತಿಯ ಮುಂದೆ ಯಾರು ತಲೆ ಬಗ್ಗಿಸುತ್ತಾರೆ? ಗಲ್ಲಿಯಲ್ಲಿ ತಿರುಗುವ ಕುರ್ಚಿಯ ಸೆಲೂನ್ ಬೇರೆ ಬಂದಿದೆ. ಅವನ ಬಳಿಗೆ ಯಾತ್ರಿಕರನ್ನು ಕಳಿಸುವ ಪುರೋಹಿತ ಶಂಭು ಭಟ್ಟರೂ ಬೇರೆಯವನನ್ನು ಹುಡುಕತೊಡಗಿದ್ದರು.

ನನ್ನ ಕರುಳು ಚುರ್ ಎಂದಿತು. ನಾನು ಇಲ್ಲಿನ ಶಾಲೆಯಲ್ಲಿ ಗಣಿತದ ಮೇಷ್ಟರು. ಗಣಿತದ ಮೇಷ್ಟರ ಕರುಳು ಚುರ್ ಎಂದರೆ ಎದುರಿಗಿರುವವರು ಹುಷಾರಾಗಿರಬೇಕು. ಅವನನ್ನು ಹೊರಡಿಸಿಕೊಂಡು ವಿಶ್ವನಾಥ ಗಲ್ಲಿಯ ಹಿಂದಿನ ಅಂಗಡಿಗೆ ಹೋದೆ.

ಬೆಟ್ಟದಿಂದ ಬಂದ ಸಾಣೆಕಲ್ಲುಗಳು ಗೋಣಿಯ ಮೇಲೆ ಹರಡಿದ್ದವು. ಒಂದರ ಮೇಲೆ ನನ್ನ ಕಣ್ಣು ಬಿತ್ತು. ಅಗಲವಾಗಿತ್ತು, ನಯವಾಗಿತ್ತು, ನಾಲ್ಕೂ ಮೂಲೆ ನೇರ. ಜಾಮಿಟ್ರಿ ಪುಸ್ತಕದಿಂದ ಎದ್ದು ಬಂದ ಹಾಗಿತ್ತು. ರಾಮಧನಿ ಮಾತ್ರ ಗೋಣಿಯ ಅಂಚಿನಲ್ಲಿದ್ದ ಸೊಟ್ಟ ಕಲ್ಲೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮೇಲ್ಭಾಗ ಕಿರಿದು, ಚಪ್ಪಟೆ. ಕೆಳಭಾಗ ಗೆಣಸಿನ ಹಾಗೆ ಉಬ್ಬು ತಗ್ಗು.

"ಇದೇ ಸಾಕು, ಮಾಸ್ಟರ್ ಸಾಹೇಬ್" ಎಂದ. (ನಮ್ಮ ಮಾತೆಲ್ಲ ಹಿಂದಿಯಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ರಾಮಧನಿ ಭಯ್ಯಾ, ಸಂಕೋಚ ಬೇಡ. ಅದು ಮುರುಕು ತುಂಡು. ಕೊಡುವುದೇ ಆದರೆ ಲಕ್ಷಣವಾದದ್ದು ಕೊಡುತ್ತೇನೆ."

ಅವನು ಸೊಟ್ಟ ಕಲ್ಲನ್ನು ಕೆಳಗಿಟ್ಟ. ಕೊಡುವವನ ಮುಂದೆ ತೆಗೆದುಕೊಳ್ಳುವವನು ಎಷ್ಟೆಂದು ವಾದ ಮಾಡಿಯಾನು?

ಮರುದಿನವೇ ಅನಾಹುತವಾಯಿತು. ಅಗಲದ ಕಲ್ಲು ಆ ಮಡಚಿದ ಬೆರಳೊಳಗೆ ಕೂರಲೇ ಇಲ್ಲ. ಮಸೆಯುವಾಗ ಓಲಾಡಿ, ನಾನು ಮೆಚ್ಚಿದ ಆ ನೇರ ಮೂಲೆಗೇ ಕತ್ತಿಯ ಬಾಯಿ ಬಡಿದು ಮುಕ್ಕಾಯಿತು. ಅದೇ ಕತ್ತಿಯಿಂದ ಧಾರವಾಡ ಕಡೆಯ ಹಿರಿಯರೊಬ್ಬರ ತಲೆಗೆ ಗಾಯವಾಯಿತು. ಭಟ್ಟರು ಕೆಂಡಾಮಂಡಲವಾದರು.

"ಮೇಷ್ಟ್ರೇ, ಐತವಾರ ನಲವತ್ತು ಜನರ ಪಾರ್ಟಿ ಬರ್ತದೆ. ಇವನ ಕೈಗೆ ಕೊಟ್ರೆ ನನ್ನ ಇಜ್ಜತ್ ಏನಾಗ್ಬೇಕು? ಬಸ್, ಸಾಕು, ಬೇರೆಯವನನ್ನು ಕರೆಸ್ತೀನಿ." (ಭಟ್ಟರು ಹುಟ್ಟಿದ್ದೇ ಕಾಶಿಯಲ್ಲಿ.)

ರಾಮಧನಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು. ಓಡಿಹೋಗಿ ಆ ಸೊಟ್ಟ ಕಲ್ಲು ತಂದುಕೊಟ್ಟೆ.

ಅದರ ಉಬ್ಬು ಅವನ ಬೆರಳುಗಳ ಮಡಿಕೆಯೊಳಗೆ ಹೋಗಿ ಭದ್ರವಾಗಿ ಕೂತಿತು. ನೀರು ಚಿಮುಕಿಸಿ, ಕತ್ತಿಯನ್ನು ಓರೆಯಾಗಿ ಎಳೆಯುತ್ತ, ಮುಕ್ಕು ಹೋಗುವ ತನಕ ಎರಡು ದಿನ ಮಸೆದ. ಕಿರಿದಾದ ಮುಖ ಅಡ್ಡಿಯೇನೂ ಆಗಲಿಲ್ಲ; ಬುಡದಿಂದ ತುದಿಯವರೆಗೆ ಕತ್ತಿಯ ಬಾಯಿ ಪೂರ್ತಿ ಅದರ ಮೇಲೆ ಹಾಯುತ್ತಿತ್ತು.

ಆದರೆ ಟೆಸ್ಟ್ ಮಾಡಲು ತಲೆ ಬೇಕಲ್ಲ? ತಪ್ಪು ನನ್ನದು, ತಲೆಯೂ ನನ್ನದೇ ಇರಲಿ ಎಂದೆ. ಭಟ್ಟರು ಹಣೆ ಚಚ್ಚಿಕೊಂಡರು.

"ನಿಮ್ಮ ತಂದೆಯವರು ಇದ್ದಾರಲ್ರೀ. ಅಪ್ಪ ಬದುಕಿರೋವಾಗ ಯಾರಾದ್ರೂ ತಲೆ ಬೋಳಿಸ್ತಾರಾ?"

ಉಪಕಾರದ ಉತ್ಸಾಹದಲ್ಲಿ ನಾನು ಊರಲ್ಲಿರುವ ಅಪ್ಪನನ್ನೇ ಮರೆತಿದ್ದೆ. ರಾಮಧನಿ ಕತ್ತಿ ಮಡಚತೊಡಗಿದ. ಅವನ ಮುಖ ನೋಡಿದ ಭಟ್ಟರು ಏನೋ ಗೊಣಗಿದರು. ಹೆಗಲ ಮೇಲಿನ ವಸ್ತ್ರ ತೆಗೆದಿಟ್ಟು, ಜುಟ್ಟು ಗಂಟು ಹಾಕಿಕೊಂಡು, ಅವನ ಮುಂದೆ ಕೂತುಬಿಟ್ಟರು.

"ಚಲ್, ನನ್ನದೇ ಮಾಡು. ಒಂದು ಹನಿ ರಕ್ತ ಬಂದ್ರೂ ಇದೇ ಆಖರಿ."

ರಾಮಧನಿ ತಲೆಗೆ ನೀರು ಹಚ್ಚಿದ. "ಅಲುಗಾಡಬ್ಯಾಡ್ರಿ" ಎಂದ. ಭಟ್ಟರು ಅಲುಗಾಡಲಿಲ್ಲ. ನಾನೂ ಅಲುಗಾಡಲಿಲ್ಲ. ಜುಟ್ಟಿನ ಸುತ್ತ ಕತ್ತಿ ಸರಸರ ಓಡಿತು.

ಮುಗಿದ ಮೇಲೆ ಭಟ್ಟರು ತಲೆ ಸವರಿ ಅಂಗೈ ನೋಡಿಕೊಂಡರು. ಮತ್ತೊಮ್ಮೆ ಸವರಿ, ಮತ್ತೊಮ್ಮೆ ನೋಡಿಕೊಂಡರು.

"ಐತವಾರ ಸೂರ್ಯ ಹುಟ್ಟೋ ಹೊತ್ತಿಗೆ ಇಲ್ಲಿರು. ಲೇಟ್ ಮಾಡ್ಬೇಡ" ಎಂದು ಹೊರಟೇ ಹೋದರು. ಭಾನುವಾರ ನಾನು ಹೋದಾಗ ಅವನ ಮುಂದೆ ಜನ ಸಾಲಾಗಿ ಕೂತಿದ್ದರು. ಯಾರ ತಲೆಯಲ್ಲೂ ಗಾಯವಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ನಾನು ಆರಿಸಿದ ಕಲ್ಲು ಈಗ ನನ್ನ ಮೇಜಿನ ಮೇಲಿದೆ, ಈ ಹಾಳೆಗಳು ಗಾಳಿಗೆ ಹಾರದ ಹಾಗೆ. ಮನೆಗೆ ಬಂದವರು ಸವರಿ ನೋಡಿ ಎಷ್ಟು ಲಕ್ಷಣವಾಗಿದೆ ಎನ್ನುತ್ತಾರೆ. ಲಕ್ಷಣವಾಗಿಯೇ ಇದೆ.

ಆ ಕಲ್ಲನ್ನು ಅಷ್ಟು ಹೊತ್ತು ನೋಡಿದವನು, ರಾಮಧನಿಯ ಕೈಯನ್ನು ಒಂದು ಗಳಿಗೆ ನೋಡಬಾರದಿತ್ತೇ?