ಅತ್ತೆ ಗೋಡೆಗೆ ಇಟ್ಟ ಸುಣ್ಣದ ಬೊಟ್ಟು

ವೀಳ್ಯದೆಲೆಗೆ ಹಚ್ಚುವ ಸುಣ್ಣದ ಡಬ್ಬಿ ತೆರೆದಾಗೆಲ್ಲ ದೇವಕಿ ಅತ್ತೆಯ ಬೆರಳು ನೆನಪಾಗುತ್ತದೆ. ಒದ್ದೆ ಸುಣ್ಣಕ್ಕೆ ಮೂಗಿನೊಳಗೆ ಸಣ್ಣಗೆ ಕಚ್ಚುವ ಒಂದು ತಣ್ಣನೆಯ ವಾಸನೆ ಉಂಟು. ಮೊನ್ನೆ ಸಂಜೆ ಜಗಲಿಯಲ್ಲಿ ಡಬ್ಬಿ ತೆರೆಯುವಾಗ ಮೊಮ್ಮಗಳು ಪಕ್ಕದಲ್ಲಿ ಕೂತು ವಿಜ್ಞಾನದ ಪಾಠ ಓದುತ್ತಿದ್ದಳು. "ಅಜ್ಜೀ, ಹಿಂದಿನವರು ಬೆಳಿಗ್ಗೆ ಕಾಣುವ ಬೆಳ್ಳಿ ಬೇರೆ, ಸಂಜೆ ಕಾಣುವ ಚುಕ್ಕೆ ಬೇರೆ ಅಂತ ತಿಳಿದಿದ್ದರಂತೆ. ಎರಡೂ ಶುಕ್ರಗ್ರಹವೇ ಅಂತ ಗೊತ್ತಾಗಲಿಕ್ಕೆ ಎಷ್ಟೋ ಕಾಲ ಬೇಕಾಯಿತಂತೆ" ಎಂದಳು. ಈ ವಯಸ್ಸಿನಲ್ಲಿ ಹೊಸತು ಕೇಳುವ ಉಮೇದು ನನಗಿಲ್ಲ. ಇದು ಹೊಸತೂ ಆಗಿರಲಿಲ್ಲ.

ಮೀಂಜ ಊರಿನ ನನ್ನ ತವರುಮನೆ ಗುಡ್ಡದ ಬುಡದಲ್ಲಿತ್ತು. ಮೂಡಣಕ್ಕೆ ಗದ್ದೆಯ ಬಯಲು, ಪಡುವಣಕ್ಕೆ ಗುಡ್ಡ. ಗಂಡ ತೀರಿದ ಮೇಲೆ ಅಪ್ಪನ ಅಕ್ಕ ದೇವಕಿ ನಮ್ಮಲ್ಲಿಗೆ ಬಂದರು. ಭತ್ತ ಬೇಯಿಸುವ ಕೆಲಸ ಅವರದಾಯಿತು. ಮನೆಯಲ್ಲಿ ಗಡಿಯಾರವಿಲ್ಲ. ಬೆಳ್ಳಿ ಮೂಡಿದಾಗ ಎದ್ದು ಹಂಡೆಗೆ ಬೆಂಕಿ ಹಾಕಿದರೆ ಬಿಸಿಲೇರುವಷ್ಟರಲ್ಲಿ ಭತ್ತ ಅಂಗಳದಲ್ಲಿ ಹರಡಿರುತ್ತಿತ್ತು. ಆ ಹಬೆಯ ವಾಸನೆಗೇ ನಾವು ಮಕ್ಕಳು ಏಳುತ್ತಿದ್ದದ್ದು. ಅತ್ತೆಯ ಗಂಡನ ಮನೆ ಕಡಲ ಬದಿಯಲ್ಲಿ. ಸಂಜೆಯ ಚುಕ್ಕೆಯನ್ನು ಅವರು ಅಲ್ಲಿ ವರ್ಷಗಟ್ಟಲೆ ನೋಡಿದ್ದರು. ಎರಡೂ ಒಂದೇ ದಿನ ಕಂಡದ್ದು ಮಾತ್ರ ಅವರಿಗೆ ನೆನಪಿರಲಿಲ್ಲ. ಹಾಗಾದರೆ ಎರಡೂ ಒಂದೇ ಚುಕ್ಕೆಯಾ ಎಂಬ ಸಂಶಯ ಅವರಿಗೆ. ಪಂಚಾಂಗ ಬಲ್ಲವರಿಗೆ ಈ ವಿಷಯ ಗೊತ್ತಿದ್ದೀತು, ನಮ್ಮ ಮನೆಗೆ ಬಂದು ಹೇಳಿದವರಿಲ್ಲ. ಹಾಗಾಗಿ ಅತ್ತೆ ತಾನೇ ನೋಡಲು ಹೊರಟರು. ಮಸಿ ಹಿಡಿದ ಅಡುಗೆಮನೆ ಗೋಡೆಯಲ್ಲಿ ಬೆಳಿಗ್ಗೆಗೆ ಒಂದು ಸಾಲು, ಸಂಜೆಗೆ ಒಂದು ಸಾಲು. ಬೆಳ್ಳಿ ಕಂಡ ದಿನ ಬೆಳಗಿನ ಸಾಲಿಗೆ ಒಂದು ಸುಣ್ಣದ ಬೊಟ್ಟು. ಸಂಜೆ ಒಲೆ ಬಿಟ್ಟು ಗುಡ್ಡ ಹತ್ತಲು ಅವರಿಗೆ ಆಗುತ್ತಿರಲಿಲ್ಲ. ದನ ಹೊಡೆದುಕೊಂಡು ಬರುವವಳು ನಾನು. ಗುಡ್ಡದ ತಲೆಯಲ್ಲಿ ನಿಂತು ಪಡುವಣ ನೋಡಿ ಬಂದು ಹೇಳಬೇಕಿತ್ತು.

"ಉಂಟಾ?"

"ಇಲ್ಲ ಅತ್ತೆ."

ದಿನವೂ ಇಷ್ಟೇ ಮಾತು. ಅಪ್ಪ ಊಟಕ್ಕೆ ಕೂತಾಗ ಗೋಡೆ ನೋಡಿ, "ಎಂತ ಅಕ್ಕ, ಇನ್ನು ಮಳೆ ಯಾವಾಗ ಅಂತ ನಿನ್ನ ಹತ್ತಿರವೇ ಕೇಳುವುದಾ?" ಎಂದು ನಗುತ್ತಿದ್ದರು. "ನೀನು ನಗು. ಆಚೆ ಹೋದದ್ದೇ ಈಚೆ ಬರುವುದು. ಇನ್ನೆರಡು ತಿಂಗಳು ನೋಡಿ ಗಟ್ಟಿ ಹೇಳುತ್ತೇನೆ" ಎನ್ನುತ್ತಿದ್ದರು ಅತ್ತೆ.

ದಿನವೂ ಇಲ್ಲ ಎಂದು ಹೇಳಿ ನನಗೆ ಸಾಕಾಗಿತ್ತು. ಅವರಿಗೂ ಬೇಸರವಾಗುತ್ತಿರಬೇಕು ಎಂದುಕೊಂಡೆ. ಆ ಖಾಲಿ ಸಾಲೇ ಅವರಿಗೆ ಬೇಕಾದದ್ದು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಒಂದು ಸಂಜೆ ಗುಡ್ಡದ ತಲೆಗೆ ಹೋಗದೆ ಗೇರುಮರದ ಕೆಳಗೆ ಹಣ್ಣು ಚೀಪುತ್ತ ಕೂತು, ಕತ್ತಲಾಗುವಾಗ ದನಗಳ ಹಿಂದೆ ಇಳಿದು ಬಂದೆ. ಅತ್ತೆ ಕೇಳಿದರು. "ಉಂಟು ಅತ್ತೆ, ದೊಡ್ಡದು" ಎಂದೆ. ಖುಷಿಪಡುತ್ತಾರೆಂದೇ ಹೇಳಿದ್ದು.

"ಸರೀ ನೋಡಿದ್ದೀಯಾ ಮಗಾ? ಇವತ್ತು ಬೆಳಿಗ್ಗೆಯೂ ಇತ್ತಲ್ಲ."

"ಹೌದು, ನೋಡಿದೆ."

ಅತ್ತೆ ಖಾಲಿ ಸಾಲಿಗೆ ಒಂದು ಬೊಟ್ಟು ಇಟ್ಟರು. ಆಮೇಲೆ ಒದ್ದೆ ಬಟ್ಟೆ ತಂದು ಎರಡೂ ಸಾಲು ಒರೆಸಿಬಿಟ್ಟರು. "ಹಾಗಾದರೆ ಚುಕ್ಕೆ ಒಂದಲ್ಲ, ಎರಡೇ ಅಲ್ಲವಾ ಅಕ್ಕ?" ಎಂದರು ಅಪ್ಪ. "ಎರಡೇ. ನನಗೇ ಮರುಳು" ಎಂದು ಅತ್ತೆ ಬಡಿಸಲು ಹೋದರು. ನಾನು ಬಾಯಿ ಬಿಟ್ಟಿದ್ದರೆ ಎರಡು ಪೆಟ್ಟು ಬೀಳುತ್ತಿತ್ತು, ಮತ್ತೆಂತ ಇಲ್ಲ. ಬಿಡಲಿಲ್ಲ. ಮರುದಿನವೂ ಇಲ್ಲ, ನನಗೆ ಮದುವೆಯಾಗಿ ಹೊರಟ ದಿನವೂ ಇಲ್ಲ. ಅತ್ತೆ ಮತ್ತೆಂದೂ ಆಕಾಶದ ಮಾತು ಎತ್ತಲಿಲ್ಲ. ಬೆಳ್ಳಿ ಮೂಡಿದಾಗ ಎದ್ದರು, ಭತ್ತ ಬೇಯಿಸಿದರು, ಒಂದು ಆಟಿ ತಿಂಗಳ ಜಡಿಮಳೆಯಲ್ಲಿ ತೀರಿಕೊಂಡರು. ಮನೆಯೂ ಈಗಿಲ್ಲ. ಬೀಳಿಸುವ ಮೊದಲು ಹೋಗಿದ್ದೆ. ಗೋಡೆಯಲ್ಲಿ ಒರೆಸಿದ ಬೂದಿ ಬಣ್ಣದ ಕಲೆ ಹಾಗೆಯೇ ಇತ್ತು.

"ಅಜ್ಜೀ, ನಾಳೆಯಿಂದ ಒಂದು ತಿಂಗಳು ದಿನಾ ಶುಕ್ರನನ್ನು ನೋಡಿ ಬರೆಯಬೇಕಂತೆ. ಕಾಣದಿದ್ದರೆ ಎಂತ ಬರೆಯುವುದು?" ಎಂದು ಮೊಮ್ಮಗಳು ಕೇಳಿದಳು.

"ಕಾಣಲಿಲ್ಲ ಅಂತ ಬರೆ" ಎಂದೆ. "ದಿನಾ ಕಾಣದಿದ್ದರೆ ದಿನಾ ಹಾಗೆಯೇ ಬರೆ."

ಎಲೆ ಮಡಚಿ ಬಾಯಿಗಿಟ್ಟೆ. ಸುಣ್ಣ ಹೆಚ್ಚಾಗಿ ನಾಲಗೆ ಸುಟ್ಟಿತು.