ಕಾಯಿನೀರು ಕುಡಿದ ಸರ್ವರ್

ಕ್ಯಾಸೆಟ್ ಹೋಗಿ ಸಿ.ಡಿ. ಬಂದಿದ್ದ ಕಾಲ. ಅರಸೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ಸರ್ವರ್‌ನಲ್ಲೇ ಇರುತ್ತಿದ್ದುದರಿಂದ ಅದರ ಡಿಸ್ಕನ್ನು ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದೆ. ಪಾಸ್‌ವರ್ಡ್ ಗೊತ್ತಿಲ್ಲದವರಿಗೆ ಒಳಗಿರುವುದೆಲ್ಲ ಬರೀ ಕಸ. ವಾರಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ಬ್ಯಾಕಪ್ ತೆಗೆದು, ಅದಕ್ಕೂ ಅಂಥದೇ ಬೀಗ ಹಾಕಿ, ಪ್ರಿನ್ಸಿಪಾಲರ ಬೀರುವಿನಲ್ಲಿ ಇಡುತ್ತಿದ್ದೆ. ಈ ಏರ್ಪಾಟಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಆಯುಧಪೂಜೆಗೆ ಸರ್ವರ್ ಆಫ್ ಮಾಡಿ ಹೂವು, ಕುಂಕುಮ ಇಟ್ಟರು. ಅಷ್ಟಕ್ಕೆ ನನ್ನ ತಕರಾರಿರಲಿಲ್ಲ. ಆದರೆ ಪ್ರಿನ್ಸಿಪಾಲರು ಕಾಯಿಯನ್ನೂ ಅದರ ಎದುರಿಗೇ ಒಡೆಯಬೇಕೆಂದು ಹಟ ಹಿಡಿದರು. ಹೊರಗೆ ಒಡೆಯೋಣ ಎಂದದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮ ಕಡೆಯ ಕಾಯಿ, ನೀರಿಗೇನು ಬರ? ಅರ್ಧ ನೆಲಕ್ಕೆ, ಅರ್ಧ ಸರ್ವರ್‌ನ ಹೊಟ್ಟೆಗೆ. ಯಾರೋ ಉತ್ಸಾಹದಿಂದ ಸ್ವಿಚ್ ಹಾಕಿದರು. ಚಟ್ ಎಂದಿತು, ಅಷ್ಟೆ. ಡಿಸ್ಕ್ ಸುಟ್ಟುಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು.

ಅಂಕಗಳೇನೋ ಕಾಗದದ ಮೇಲೂ ಇದ್ದವು. ಕಂಗಾಲಾದವರು ಕನ್ನಡದ ಮೇಡಂ. ಗೆಂಡೆಹಳ್ಳಿ ಕಡೆಯವರು. ಅವರ ತಾಯಿ ಹೊಲದಲ್ಲಿ ಕಳೆ ಕೀಳುತ್ತಾ ಹಾಡುತ್ತಿದ್ದ ಹಾಡುಗಳನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟು, ಬೂಷ್ಟು ಬರುತ್ತದೆಂದು ನನ್ನಿಂದ ಸರ್ವರ್‌ಗೆ ಹಾಕಿಸಿದ್ದರು. ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಕ್ಯಾಸೆಟ್ಟುಗಳೂ ಅಷ್ಟರಲ್ಲಿ ಹಾಳಾಗಿದ್ದವು.

ಹೊಸ ಡಿಸ್ಕ್ ಬಂದ ದಿನ ಮೇಡಂ ರಜೆ ಹಾಕಿ ನನ್ನ ಪಕ್ಕದಲ್ಲೇ ಕುಳಿತರು. ಬ್ಯಾಕಪ್ ತೆಗೆಯುವುದು ಬೇರೆ, ವಾಪಸು ಇಳಿಸುವುದು ಬೇರೆ. ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಆರಂಭದ ಒಂದು ಚೂರು ಕೆಟ್ಟಿದ್ದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಅದು ತೆರೆಯುವುದಿಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಬೀರುವಿನಿಂದ ತಂದ ಬ್ಯಾಕಪ್ ಡಿಸ್ಕ್ ಜೋಡಿಸಿ ಪಾಸ್‌ವರ್ಡ್ ಒತ್ತಿದೆ.

ತೆರೆಯಿತು. ಊಟದ ಹೊತ್ತಿಗೆ ಹಾಡುಗಳೆಲ್ಲ ಇಳಿದವು. ಒಂದನ್ನು ಹಾಕಿದೆ. ಗಾಳಿಯ ಸದ್ದು, ಬಳೆಯ ಸದ್ದು, ಆಮೇಲೆ ಆ ತಾಯಿಯ ದನಿ. ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಸಮಾಧಾನ ಮಾಡಲು ಬೇರೇನೂ ತೋಚದೆ, ಇನ್ನು ಮೇಲೆ ಈ ಹಾಡುಗಳಿಗೆ ಎರಡೆರಡು ಬ್ಯಾಕಪ್ ತೆಗೆದು, ಎರಡಕ್ಕೂ ಇನ್ನೂ ಗಟ್ಟಿ ಪಾಸ್‌ವರ್ಡ್ ಹಾಕುತ್ತೇನೆ ಎಂದೆ. ಕ್ಲಾಸಿನಲ್ಲಿ ಅಚ್ಚುಕಟ್ಟಾದ ಕನ್ನಡ ಮಾತಾಡುವವರು ಕಣ್ಣೊರೆಸಿಕೊಂಡು ಊರಿನ ಮಾತಿನಲ್ಲೇ ಹೇಳಿದರು:

“ಇವಕ್ಕೆ ಬೀಗ ಬ್ಯಾಡ ಸರ್. ನಮ್ಮವ್ವ ಯಾವತ್ತೂ ಬಾಗ್ಲು ಹಾಕ್ಕಂಡು ಹಾಡ್ದೋಳಲ್ಲ.”